ಮಗ್ಗ ನಿಲ್ಲುವ ತನಕ

ಗಜೇಂದ್ರಗಡದ ಬಸ್ ನಿಲ್ದಾಣದಿಂದ ರೋಣದ ಕಡೆ ಹೊರಟರೆ ಎಡಕ್ಕೊಂದು ಗಲ್ಲಿ ಸಿಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಮನೆಮನೆಯಲ್ಲೂ ಮಗ್ಗದ ಸಪ್ಪಳವಿತ್ತು. ಈಗ ನಾಲ್ಕೈದು ಮನೆಯಲ್ಲಿ ಉಳಿದಿದೆ. ಅದರಲ್ಲಿ ಶಂಭುಲಿಂಗನ ಮನೆಯೂ ಒಂದು. ಆದರೆ ಆ ಮನೆಯಲ್ಲಿ ನೇಯುವವಳು ಅವನ ಹೆಂಡತಿ ಶಂಕ್ರವ್ವ. ಶಂಭುಲಿಂಗ ಮುಂದಿನ ಪಡಸಾಲೆಯಲ್ಲಿ ಕೂತು ಹಳೇ ಎಂಜಿನ್ನುಗಳ ಹೆಡ್ಡು ಕೊರೆಯುತ್ತಿದ್ದ. ನೇಕಾರನ ಮಗ ಹದಿನೈದನೇ ವಯಸ್ಸಿಗೆ ಮಗ್ಗ ಬಿಟ್ಟು ಹುಬ್ಬಳ್ಳಿಯ ಲಾರಿ ಗ್ಯಾರೇಜು ಸೇರಿದಾಗ ಅವರಪ್ಪ ಆರು ತಿಂಗಳು ಮಾತು ಬಿಟ್ಟಿದ್ದನಂತೆ. ಅಪ್ಪನ ಆಸ್ತಿಯೆಂದು ಅವನು ಇಟ್ಟುಕೊಂಡದ್ದು ಒಂದು ಹಳೆಯ ಲಾಳಿ ಮಾತ್ರ, ಎರಡೂ ತುದಿಗೆ ಉಕ್ಕಿನ ಮೂತಿಯಿದ್ದದ್ದು. ಅದರಿಂದ ಅವನು ಒಂದು ಎಳೆಯನ್ನೂ ನೇಯಲಿಲ್ಲ. ಅದರ ಮೂತಿಯಿಂದ ಕಬ್ಬಿಣ ಬಡಿದು ಸಪ್ಪಳ ಕೇಳುತ್ತಿದ್ದ.

ಈ ವಿದ್ಯೆಯನ್ನು ಒಂದಿಷ್ಟು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೆಡ್ಡು ಎಂದರೆ ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಕಬ್ಬಿಣದ ಗಡ್ಡೆ. ಆರು ಸಿಲಿಂಡರಿನದಾದರೆ ಇಬ್ಬರು ಹಿಡಿದು ಎತ್ತಬೇಕು. ಅದರೊಳಗೆ ಗಾಳಿ, ಪೆಟ್ರೋಲು ಹೋಗಲು ಹಾದಿಗಳಿರುತ್ತವೆ. ಕಾರ್ಖಾನೆಯವರು ಅಚ್ಚು ಹೊಯ್ದು ಕೈ ತೊಳೆದುಕೊಂಡಿರುತ್ತಾರೆ, ಒಳಗೆಲ್ಲ ಉಬ್ಬುತಗ್ಗು. ಆ ಹಾದಿಯನ್ನು ಹಿಗ್ಗಿಸಿ ನುಣುಪು ಮಾಡಿದರೆ ಎಂಜಿನ್ ಉದ್ದಕ್ಕೆ ಉಸಿರೆಳೆಯುತ್ತದೆ, ಗಾಡಿ ಹಾರುತ್ತದೆ. ಆದರೆ ಗೋಡೆಯ ಆಚೆ ಬದಿಗೇ ಎಂಜಿನ್ನನ್ನು ತಣಿಸುವ ನೀರು ಹರಿಯುತ್ತದೆ. ಗೋಡೆ ತೀರ ತೆಳ್ಳಗಾದರೆ ಕಾದಾಗ ಸೀಳಿ ನೀರು ಸಿಲಿಂಡರಿಗೆ ಇಳಿಯುತ್ತದೆ. ಹಳೇ ಹೆಡ್ಡುಗಳಲ್ಲಿ ಒಂದರ ಗೋಡೆ ಇನ್ನೊಂದರ ಹಾಗೆ ಇರುವುದಿಲ್ಲ, ಪಟ್ಟಿ ಹಿಡಿದು ಅಳೆಯಲೂ ಬರುವುದಿಲ್ಲ. ಶಂಭುಲಿಂಗ ಲಾಳಿಯ ಮೂತಿಯಿಂದ ಬಡಿಯುತ್ತಿದ್ದ. ದಪ್ಪ ಗೋಡೆಯ ಸಪ್ಪಳ ಬೇರೆ, ತೆಳು ಗೋಡೆಯದು ಬೇರೆ. ಆ ಕಿವಿಯ ಮೇಲೆ ಅವನ ಬದುಕು ನಡೆದಿತ್ತು.

ಇಂಥ ಹೆಡ್ಡು ಈ ಸೀಮೆಯಲ್ಲಿ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಶೋಕಿ ಇದ್ದವರಿಗೆ ಬೇಕು. ನರಗುಂದ, ಬಾಗಲಕೋಟೆ, ಹುಬ್ಬಳ್ಳಿ ಕಡೆಯ ಹತ್ತಿಪ್ಪತ್ತು ಜನ, ಐವತ್ತು ಅರವತ್ತು ವರ್ಷದ ಹಿಂದಿನ ಪೆಟ್ರೋಲು ಲಾರಿಗಳ ಎಂಜಿನ್ನನ್ನು ಗುಜರಿಯಿಂದ ಎತ್ತಿ ತಂದು ಜೀಪಿಗೆ ಕೂರಿಸುತ್ತಾರೆ. ಜೋಳದ ಸುಗ್ಗಿ ಮುಗಿದ ಮೇಲೆ ಲಕ್ಕಲಕಟ್ಟಿಯ ಆಚೆ ಬೀಳು ಬಿದ್ದ ಬಯಲಿನಲ್ಲಿ ಅವುಗಳನ್ನು ಓಡಿಸುತ್ತಾರೆ. ಗೆದ್ದವನಿಗೆ ಒಂದು ಹೂವಿನ ಹಾರ, ಒಂದು ಹಿತ್ತಾಳೆಯ ಬಟ್ಟಲು. ಅಷ್ಟಕ್ಕೇ ಜೀವ ಬಿಡುವ ಮಂದಿ. ಅವರಿಗೆಲ್ಲ ಶಂಭುಲಿಂಗ ಎಂದರೆ ‘ಹೆಡ್ಡಿನ ಶಂಭಣ್ಣ’.

ಹಿಂದಿನಿಂದ ಕರೆದರೆ ಶಂಭಣ್ಣ ತಿರುಗಿ ನೋಡುವುದಿಲ್ಲ ಎಂಬ ದೂರು ಊರಲ್ಲಿತ್ತು. ಹೆಸರು ಬಂದಿದೆ, ಸೊಕ್ಕೂ ಬಂದಿದೆ ಎಂದು ಜನ ಆಡಿಕೊಂಡರು. ಅವನು ಆ ಮಾತನ್ನು ಹಾಗೇ ಇರಗೊಟ್ಟ. ಸೊಕ್ಕಿನವನೆಂದರೆ ಅನ್ನಲಿ, ಕಿವುಡನೆಂದು ಮಾತ್ರ ತಿಳಿಯಬಾರದು. ನಲವತ್ತು ವರ್ಷ ಕಬ್ಬಿಣ ಕೊರೆಯುವ ಗ್ರೈಂಡರಿನ ಕೂಗು ಅವನ ಎರಡೂ ಕಿವಿ ತಿಂದಿತ್ತು. ಎಂಜಿನ್ನಿನ ಗುಡುಗು ಎದೆಗೆ ತಾಗುತ್ತಿತ್ತು, ಎದುರಿಗೆ ನಿಂತವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಲಾಳಿಯ ಬಡಿತ ಮಾತ್ರ ಕೇಳಿಸದೇ ಮೂರು ವರ್ಷವಾಗಿತ್ತು.

ಅದನ್ನು ಮೊದಲು ಕಂಡುಹಿಡಿದವಳು ಶಂಕ್ರವ್ವ. ಒಂದು ದಿನ ಅವನ ಬಡಿತದ ಸಪ್ಪಳ ಬದಲಾದದ್ದು ಒಳಗೆ ಮಗ್ಗದ ಮುಂದೆ ಕೂತ ಅವಳಿಗೆ ಕೇಳಿಸಿತು. ಕೂಗಿದಳು. ಅವನು ಕೊರೆಯುತ್ತಲೇ ಇದ್ದ. ಎದ್ದು ಬಂದು ಮಣಿಕಟ್ಟು ಹಿಡಿದಳು. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಅವನು ಮರುದಿನ ಚಹಾ ಕುಡಿಯುವಾಗ ನೆಲ ನೋಡುತ್ತ ಕೇಳಿದ.

“ಇನ್ನ ಮ್ಯಾಲ ನೀ ಕೇಳ್ತಿಯೇನು?”

“ಕೇಳ್ತೀನ್ರಿ” ಎಂದಳು. ಅವನು ತಲೆ ಎತ್ತಿರಲಿಲ್ಲ, ಅದಕ್ಕೆ ಅವನ ಗದ್ದ ಹಿಡಿದೆತ್ತಿ ಇನ್ನೊಮ್ಮೆ ಹೇಳಿದಳು. 

ಹಾಗೆ ಒಂದು ಪದ್ಧತಿ ಬಿತ್ತು. ಪಡಸಾಲೆಗೂ ಮಗ್ಗದ ಕೋಣೆಗೂ ನಡುವೆ, ಕಬ್ಬಿಣದ ಪುಡಿ ರೇಷ್ಮೆಯ ಮೇಲೆ ಕೂರದಿರಲೆಂದು, ದಪ್ಪನೆಯ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ಅದರಾಚೆ ನೂಲು ಬಡಿಯುವ ಹಲಗೆ ಹಿಂದೆ ಮುಂದೆ ಆಡುವುದು ಮಸಕಾಗಿ ಕಾಣುತ್ತಿತ್ತು. ಅವನು ಲಾಳಿಯಿಂದ ಮೂರು ಸಲ ಬಡಿದು ಹಾಳೆಯ ಕಡೆ ನೋಡುತ್ತಿದ್ದ. ಹಲಗೆ ಆಡುತ್ತಿದ್ದರೆ ಕೊರೆಯಬಹುದು. ಹಲಗೆ ನಿಂತರೆ ಗೋಡೆ ತೆಳ್ಳಗಾಗಿದೆ, ಕೈ ತೆಗೆಯಬೇಕು. ಬಂದವರ ಕಣ್ಣಿಗೆ ಗಂಡ ತನ್ನ ಕೆಲಸ ಮಾಡುತ್ತಿದ್ದಾನೆ, ಹೆಂಡತಿ ತನ್ನದು ಮಾಡುತ್ತಿದ್ದಾಳೆ, ಅಷ್ಟೆ. ಮೂರು ವರ್ಷದಲ್ಲಿ ಒಂದು ಹೆಡ್ಡೂ ಕೆಡಲಿಲ್ಲ. ನರಗುಂದದ ಗುತ್ತಿಗೆದಾರ ಅಂದಾನಪ್ಪ ಒಮ್ಮೆ, “ಗ್ವಾಡಿ ದಪ್ಪ ಅಳಿಯೂ ಮೀಟರ ಬಂದಾವ ಶಂಭಣ್ಣ, ತರಸ್ಲೇನು?” ಎಂದು ಕೇಳಿದ್ದ. “ನನ್ನ ಕಿವಿಗಿಂತ ನಿನ್ನ ಮೀಟರ ದೊಡ್ಡದೇನೋ?” ಎಂದು ಶಂಭುಲಿಂಗ ಬೈದು ಕಳಿಸಿದ. ಅಂದು ತಗ್ಗಿ ಹ್ಞೂಂ ಅಂದಿದ್ದರೆ ಏನು ಗಂಟು ಹೋಗುತ್ತಿತ್ತೋ, ನನಗಂತೂ ಅರ್ಥವಾಗಿಲ್ಲ.

ಈ ಸಲದ ಓಟಕ್ಕೆ ಅದೇ ಅಂದಾನಪ್ಪನ ಜೀಪಿನ ಹೆಡ್ಡು ಬಂದಿತ್ತು. ಓಡಿಸುವವನು ಸಾಜೀದ, ಅದೇ ಗಲ್ಲಿಯ ಹುಡುಗ, ಇಪ್ಪತ್ತಾರು ವರ್ಷ, ಬಸ್ ನಿಲ್ದಾಣದ ಹತ್ತಿರ ಟೈರಿನ ಅಂಗಡಿ. ಅವನ ತಾಯಿ ಖಾಜಾಬಿ ಶಂಕ್ರವ್ವ ನೇಯ್ದ ಸೀರೆಗಳ ಸೆರಗಿಗೆ ಗೊಂಡೆ ಕಟ್ಟಿಕೊಡುವವಳು. ಮಗ ಜೀಪಿನ ಓಟಕ್ಕೆ ಹೋಗುವುದು ಅವಳಿಗೆ ಎಳ್ಳಷ್ಟೂ ಇಷ್ಟವಿರಲಿಲ್ಲ. ಆದರೂ ಸೀರೆ ಒಯ್ಯಲು ಬಂದಾಗ ಪಡಸಾಲೆಯಲ್ಲಿ ನಿಂತು ಹೇಳಿದ್ದಳು, “ಶಂಭಣ್ಣಾ, ನಿಮ್ಮ ಕೈಯಾಗಿನ ಎಂಜಿನ್ ಐತಿ ಅಂತ ಬಿಟ್ಟೇನ್ರಿ. ಬ್ಯಾರೆಯವ್ರದಾಗಿದ್ರ ಬಿಡ್ತಿದ್ದಿಲ್ಲ.” ಆ ಮಾತು ಕೇಳಿ ಶಂಭುಲಿಂಗನ ಎದೆ ಒಂದು ಗೇಣು ಉಬ್ಬಿತ್ತು.

ಓಟ ರವಿವಾರ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಐದು ಹಾದಿ ಮುಗಿದು ಆರನೆಯದು ಉಳಿದಿತ್ತು. ಶಂಭುಲಿಂಗ ಚಹಾ ಕುಡಿಯಲು ಹೊರಗಿನ ಕಟ್ಟೆಗೆ ಹೋದ. ಅದೇ ಹೊತ್ತಿಗೆ ಹಿತ್ತಿಲ ಕಡೆಯಿಂದ ಕೂಗು ಬಂತು: ಹಿಂದಿನ ಮನೆಯ ಮುದುಕಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಗ್ರೈಂಡರಿನ ಸಪ್ಪಳ ನಿಂತಿದ್ದನ್ನು ಕೇಳಿದ ಶಂಕ್ರವ್ವ, ಇನ್ನು ಅರ್ಧ ತಾಸು ಗಂಡ ಕೆಲಸಕ್ಕೆ ಕೂರುವುದಿಲ್ಲ ಎಂದುಕೊಂಡು ಹಿತ್ತಿಲ ಬಾಗಿಲಿನಿಂದ ಓಡಿದಳು. ಹೋಗುವಾಗ ರೇಷ್ಮಾಗೆ, “ಮಗ್ಗದ ಮುಂದ ಕುಂಡ್ರವಾ, ಅಂಚು ಒಂದ ಗೇಣ ಮುಂದ ತರು” ಎಂದಳು. ರೇಷ್ಮಾ ಅವಳ ತಂಗಿಯ ಮಗಳು, ನೇಯುವುದನ್ನು ಕಲಿಯಲು ಬಂದು ಎರಡು ತಿಂಗಳಾಗಿತ್ತು. ಕಿವಿಯ ವಿಷಯ ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲವಲ್ಲ.

ಶಂಭುಲಿಂಗ ಬಂದು ಕೂತ. ಕೊರೆದ. ಲಾಳಿ ಎತ್ತಿ ಮೂರು ಸಲ ಬಡಿದ. ಹಾಳೆಯಾಚೆ ಹಲಗೆ ಆಡುತ್ತಿತ್ತು. ಮತ್ತೆ ಕೊರೆದ, ಬಡಿದ, ನೋಡಿದ. ಆಡುತ್ತಿತ್ತು. ಗೋಡೆ ಚಲೋ ದಪ್ಪ ಇದ್ದ ಹಾಗಿದೆ ಎಂದು ಖುಷಿಪಟ್ಟು ಇನ್ನಷ್ಟು ಕೊರೆದ. ಒಳಗೆ ಬೆರಳು ಆಡಿಸಿದಾಗ ಬಿಸಿ ತಾಗಿತು. ದಪ್ಪ ಕಬ್ಬಿಣ ಅಷ್ಟು ಬೇಗ ಕಾಯುವುದಿಲ್ಲ ಎಂಬುದು ಅವನ ಬೆರಳಿಗೆ ಗೊತ್ತು. ಒಂದು ಗಳಿಗೆ ಕೈ ನಿಂತಿತು. ಬಡಿದು ನೋಡಿದ. ಹಲಗೆ ಆಡುತ್ತಲೇ ಇತ್ತು. ಬೆರಳನ್ನು ನಂಬದೆ ಹಲಗೆಯನ್ನು ನಂಬಿ ಇನ್ನೊಂದು ಸುತ್ತು ಕೊರೆದ. ಸಂಜೆ ನೀರು ತುಂಬಿಸಿ ನೋಡಿದಾಗ ಹನಿ ಸೋರಲಿಲ್ಲ. ಅಂದಾನಪ್ಪನ ಜನ ಬಂದು ಹೆಡ್ಡು ಒಯ್ದರು. ಮುದುಕಿಯನ್ನು ದವಾಖಾನೆಗೆ ಸೇರಿಸಿ ಶಂಕ್ರವ್ವ ಬಂದದ್ದು ಕತ್ತಲಾದ ಮೇಲೆ, ತಾನಿಲ್ಲದೆ ಆರನೆಯದನ್ನು ಕೊರೆದಿರಲಿಕ್ಕಿಲ್ಲ ಎಂದುಕೊಂಡಳು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಶಂಕ್ರವ್ವ ರೊಟ್ಟಿ ಬಡಿಯುತ್ತಿದ್ದಳು. ರೇಷ್ಮಾ ನಗುತ್ತ ಹೇಳಿದಳು, “ಮೌಶಿ, ನಿನ್ನಿ ನೀ ಮುದುಕಿ ಮನೀಗೆ ಹ್ವಾದಾಗ ಕಾಕಾ ಎಷ್ಟ ಬಡದ್ರವಾ! ಆ ಟಿಣ್ ಟಿಣ್ ಕೇಳಿ ನನ್ನ ಹಲ್ಲ ಜುಮ್ ಅಂದುವು. ಆದ್ರೂ ನಾ ಮಗ್ಗ ನಿಲ್ಲಸಲಿಲ್ಲ.”

ಶಂಕ್ರವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಶಂಭುಲಿಂಗ ಹುಡುಗಿಯ ತುಟಿ ನೋಡುತ್ತಿದ್ದ, ಒಂದಕ್ಷರ ತಪ್ಪದೆ ತಿಳಿಯಿತು.

ರೇಷ್ಮಾ ನೀರಿಗೆ ಹೋದ ಮೇಲೆ ಶಂಕ್ರವ್ವ ಎದುರಿಗೆ ಬಂದು ಕೂತಳು. “ಆರನೇದನ್ನ ಯಾರೂ ಕೇಳಿಲ್ಲ. ಹೆಡ್ಡ ಬಿಚ್ಚಸ್ರಿ.”

“ಏನಂತ ಹೇಳಿ ಬಿಚ್ಚಸ್ಲಿ?”

“ಇದ್ದದ್ದ ಹೇಳ್ರಿ.”

“ಇದ್ದದ್ದ ಹೇಳಿದ್ರ ನಾಳಿಂದ ನನ್ನ ಕೈಗೆ ಯಾರ ಹೆಡ್ ಕೊಡ್ತಾರ? ನೀರ ತುಂಬಿಸಿ ನೋಡೇನಲ್ಲ, ಸೋರಿಲ್ಲ. ಏನೂ ಆಗೂದಿಲ್ಲ.”

“ಥಂಡಿ ಇದ್ದಾಗ ಸೋರಿಲ್ಲ” ಎಂದಳು ಶಂಕ್ರವ್ವ. ಮೂರು ವರ್ಷ ಕೇಳಿ ಕೇಳಿ ಅವಳಿಗೂ ಅರ್ಧ ವಿದ್ಯೆ ಬಂದಿತ್ತು.

ರವಿವಾರ ಮುಂಜಾನೆ ಅವನು ಹೇಳಿಯೇಬಿಡುತ್ತೇನೆಂದು ಲಕ್ಕಲಕಟ್ಟಿಗೆ ಹೋದ. ಹೇಳಬೇಕೆಂದೇ ಹೋಗಿದ್ದ ಎಂದು ಅವನು ಇವತ್ತಿಗೂ ಆಣೆ ಮಾಡುತ್ತಾನೆ. ನಾನು ನಂಬುತ್ತೇನೆ. ಹೇಳಬೇಕೆಂದು ಹೋಗಿ ಹೇಳದೆ ಬರುವುದು ಮನುಷ್ಯರಿಗೆ ಹೊಸದಲ್ಲ. ಬಯಲಿನಲ್ಲಿ ಅಂದಾನಪ್ಪ ಹುಬ್ಬಳ್ಳಿಯ ಕಡೆಯವರನ್ನು ಕರೆದುಕೊಂಡು ಎದುರಿಗೇ ಬಂದ. ಇವನ ಹೆಗಲ ಮೇಲೆ ಕೈ ಹಾಕಿ ಅವರಿಗೆ, “ಇವರ ಕಿವಿ ದೇವರ ಕೊಟ್ಟ ಕಿವಿರಿ. ಬಡದು ಕೇಳಿದ್ರ ಮುಗೀತು” ಎಂದ. ಬಂದವರು ಕೈ ಮುಗಿದರು. ಶಂಭುಲಿಂಗನೂ ಕೈ ಮುಗಿದ. ಆಮೇಲೆ ಬಾಯಿ ಏಳಲಿಲ್ಲ.

ಸಾಜೀದ ಜೀಪಿನಲ್ಲಿ ಕೂತು ಸೀಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದ. ಆರು ಸಿಲಿಂಡರಿನ ಉದ್ದನೆಯ ಎಂಜಿನ್ ಗಿಡ್ಡ ಜೀಪಿನಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಮುಂದಿನ ತಗಡು ಕತ್ತರಿಸಿ ಎಂಜಿನ್ನನ್ನು ಹಿಂದಕ್ಕೆ ಸರಿಸಿರುತ್ತಾರೆ. ಆರನೇ ಸಿಲಿಂಡರು ಓಡಿಸುವವನ ಮೊಣಕಾಲಿನ ಪಕ್ಕಕ್ಕೇ ಬರುತ್ತದೆ. ಶಂಭುಲಿಂಗ ಆ ಮೊಣಕಾಲು ನೋಡಿದ. ಹತ್ತಿರ ಹೋಗಿ, ಸುತ್ತ ನಿಂತ ಐದಾರು ಜನ ಕೇಳುವ ಹಾಗೆ, “ಜೋರ ಎಳೀಬ್ಯಾಡೋ ಸಾಜೀದ” ಎಂದ. ಅಷ್ಟೇ ಅಂದದ್ದು. ಸಾಜೀದ ಹಲ್ಲು ಬಿಟ್ಟು, “ಆತ್ರಿ ಕಾಕಾ” ಎಂದ.

ಮೂರನೇ ಸುತ್ತಿನಲ್ಲಿ ಹೆಡ್ಡಿನ ಗೋಡೆ ಸೀಳಿತು. ನೀರು ಸಿಲಿಂಡರಿಗೆ ಇಳಿದು ಪಿಸ್ಟನ್ನು ಅಲ್ಲೇ ಸಿಕ್ಕಿಕೊಂಡಿತು, ಅದರ ಕೆಳಗಿನ ಉಕ್ಕಿನ ರಾಡು ಮುರಿದು ಎಂಜಿನ್ನಿನ ಹೊಟ್ಟೆ ಒಡೆದುಕೊಂಡು ಹೊರಬಂದು ಸಾಜೀದನ ಮೊಣಕಾಲಿಗೆ ಬಡಿಯಿತು. ಶಂಭುಲಿಂಗನಿಗೆ ಸಪ್ಪಳ ಕೇಳಿಸಲಿಲ್ಲ. ಬಿಳಿ ಹಬೆ ಎದ್ದದ್ದು ಕಂಡಿತು, ಸುತ್ತಲಿನವರೆಲ್ಲ ಬಾಯಿ ತೆರೆದು ಓಡುವುದು ಕಂಡಿತು. ಬಿಳಿ ಹಬೆ ಎಂದರೆ ನೀರು ಎಂದು ಅಲ್ಲಿ ಅವನೊಬ್ಬನಿಗೇ ಆ ಕ್ಷಣಕ್ಕೆ ತಿಳಿದದ್ದು. ಹುಬ್ಬಳ್ಳಿಯ ದವಾಖಾನೆಯಲ್ಲಿ ಸಾಜೀದನ ಎಡಗಾಲನ್ನು ಮೊಣಕಾಲಿನ ಮೇಲೆ ತೆಗೆದರು.

ರಾಡು ಮುರಿದಿದೆ ಎಂದರೆ ಎಳೆಯಬಾರದಷ್ಟು ಎಳೆದಿದ್ದಾನೆ ಎಂದರ್ಥ ಎಂದು ಓಟದ ಮಂದಿ ತೀರ್ಪು ಕೊಟ್ಟುಬಿಟ್ಟರು. ಅದಕ್ಕೆ ಸಾಕ್ಷಿಯೂ ಸಿಕ್ಕಿತು. “ಶಂಭಣ್ಣ ಮೊದಲ ಹೇಳಿದ್ರು, ಜೋರ ಎಳೀಬ್ಯಾಡ ಅಂತ. ನಾವೆಲ್ಲಾ ಅಲ್ಲೇ ನಿಂತಿದ್ವಿ. ಹುಡುಗ ಮಾತ ಕೇಳಲಿಲ್ಲ.” ಆ ಮಾತು ನರಗುಂದದಿಂದ ರೋಣದ ತನಕ ಹರಿದಾಡಿತು. ಜನರ ಬಾಯಿಗೆ ಬಿದ್ದದ್ದು ಒಂದು ಕಡೆಗಿರಲಿ, ಸಾಜೀದನೇ ಅದನ್ನು ನಂಬಿಬಿಟ್ಟ. ಪೆಟ್ಟು ಬಿದ್ದ ಹೊತ್ತಿನದು ಅವನಿಗೇನೂ ನೆನಪಿರಲಿಲ್ಲ. ದವಾಖಾನೆಗೆ ನೋಡಲು ಹೋದ ಶಂಭುಲಿಂಗನ ಕೈ ಹಿಡಿದುಕೊಂಡು, “ನೀವ ಹೇಳಿದ್ರಿ ಕಾಕಾ, ನಾ ಕೇಳಲಿಲ್ಲ. ನನ್ನ ಕಾಲ ನಾನ ಮುರಕೊಂಡ್ನಿ” ಎಂದು ಅತ್ತ. ಶಂಭುಲಿಂಗ ಅವನ ತುಟಿ ನೋಡಲಾರದೆ ಕಿಟಕಿ ನೋಡಿದ. ಈ ಒಂದು ಕಾರಣಕ್ಕೆ ನನಗೆ ಅವನ ಮೇಲೆ ಬಹಳ ಸಿಟ್ಟಿದೆ. ಹೆದರಿದ್ದನ್ನು ಕ್ಷಮಿಸಬಹುದು. ಆ ಹುಡುಗನ ಅಳುವಿನ ಮುಂದೆಯೂ ಸುಮ್ಮನಿದ್ದನಲ್ಲ, ಅದನ್ನು ಹೇಗೆ ಕ್ಷಮಿಸುವುದು?

ಸುಮ್ಮನಿದ್ದವನು ಸುಖವಾಗೇನೂ ಇರಲಿಲ್ಲ ಅನ್ನಿ. ಒಡೆದ ಎಂಜಿನ್ನಿನ ಹೆಡ್ಡನ್ನು ಬೇಡಿ ತಂದು ಪಡಸಾಲೆಯಲ್ಲಿಟ್ಟುಕೊಂಡ. ಆರನೇ ಹಾದಿಯಲ್ಲಿ ಕೂದಲೆಳೆಯಂಥ ಸೀಳು. ಶಂಕ್ರವ್ವ ಬಂದು ಲಾಳಿ ಎತ್ತಿಕೊಂಡು ಸೀಳಿನ ಪಕ್ಕಕ್ಕೆ ಒಂದು ಸಲ ಬಡಿದಳು. ಕಣ್ಣು ಮುಚ್ಚಿಕೊಂಡಳು. “ಹಾಳಿ ಹಂಗ ಆಗೇತಿ” ಎಂದು ಲಾಳಿಯನ್ನು ಕೆಳಗಿಟ್ಟಳು. ಅಂದಿನಿಂದ ಅವಳು ಗಂಡನಿಗೆ ಹೇಳು ಅನ್ನಲಿಲ್ಲ, ಬಿಡು ಅನ್ನಲೂ ಇಲ್ಲ. ಎರಡು ಹೊತ್ತು ರೊಟ್ಟಿ ಹಾಕಿ ಮಗ್ಗಕ್ಕೆ ಹೋಗುತ್ತಿದ್ದಳು.

ತಿಂಗಳಾದ ಮೇಲೆ ಸಾಜೀದನನ್ನು ಮನೆಗೆ ತಂದರು. ಅಂದಾನಪ್ಪ ಮತ್ತು ಓಟದ ಮಂದಿ ನಾಲ್ಕು ಜನ ಅವನನ್ನು ನೋಡಲು ಬಂದರು. ಗಂಡಹೆಂಡತಿಯೂ ಹೋದರು. ಸಾಜೀದ ಮಂಚದ ಮೇಲೆ ಕೂತಿದ್ದ, ಪಕ್ಕಕ್ಕೆ ಊರುಗೋಲು. ಖಾಜಾಬಿ ಎಲ್ಲರಿಗೂ ಚಹಾ ಕೊಟ್ಟು ಒಳಬಾಗಿಲಿಗೆ ಒರಗಿ ನಿಂತಳು. ಅಂದಾನಪ್ಪ ಬುದ್ಧಿ ಹೇಳುವ ಧಾಟಿಯಲ್ಲಿ, “ಇನ್ನ ಮ್ಯಾಲರೆ ಹಿರೇರ ಮಾತ ಕೇಳಪಾ” ಎಂದ. ಸಾಜೀದ ತಲೆ ತಗ್ಗಿಸಿದ. ಶಂಭುಲಿಂಗ ಚಹಾದ ಕಪ್ಪನ್ನು ನೆಲಕ್ಕಿಟ್ಟ.

“ಅವಂದ ತಪ್ಪಿಲ್ಲ. ಹೆಡ್ಡ ನಾ ಹೆಚ್ಚಿಗಿ ಕೊರದಿದ್ನಿ. ಗ್ವಾಡಿ ಸೀಳಿ ನೀರ ಇಳದೈತಿ.”

ಅಂದಾನಪ್ಪ ನಕ್ಕ. “ಬಿಡ್ರಿ ಶಂಭಣ್ಣ. ಹುಡುಗನ ಮ್ಯಾಲಿನ ಅಂತಃಕರಣಕ್ಕ ಹಿಂಗಂತೀರಿ. ಎಂಜಿನ್ ಒಡದ ಮ್ಯಾಲ ಹೆಡ್ ಸೀಳೂದ ಖರೇ. ನಿಮ್ಮ ಕಿವಿ ತಪ್ಪತದೇನು?”

“ಕಿವಿ ಇಲ್ಲೋ ನನಗ.”

ಅದಕ್ಕೂ ನಕ್ಕರು. ದೊಡ್ಡ ಮನಸ್ಸು ಎಂದು ಒಬ್ಬ, ಹಿರಿಯರು ಎಂದು ಇನ್ನೊಬ್ಬ. ಮೂರು ವರ್ಷ ಕಷ್ಟಪಟ್ಟು ಕಟ್ಟಿದ ಸುಳ್ಳು ಅಷ್ಟು ಗಟ್ಟಿಯಾಗಿ ನಿಂತಿತ್ತು. ಸಾಜೀದನೂ, “ಬ್ಯಾಡ್ರಿ ಕಾಕಾ, ನನ್ನ ಸಲುವಾಗಿ ನಿಮ್ಮ ಹೆಸರ ಕೆಡಸಕೋಬ್ಯಾಡ್ರಿ” ಎಂದ. ಆ ಮಾತು ಶಂಭುಲಿಂಗನನ್ನು ಎಬ್ಬಿಸಿ ನಿಲ್ಲಿಸಿತು. ಅವನು ಗೋಡೆಯ ಕಡೆ ಮುಖ ಮಾಡಿ, ಎಲ್ಲರಿಗೂ ಬೆನ್ನು ತಿರುಗಿಸಿದ.

“ನನ್ನ ಹೆಸರ ಹಿಡದ ಕರೀರಿ” ಎಂದ.

ಗೋಡೆಗೆ ಹಳದಿ ಸುಣ್ಣ ಬಳಿದಿದ್ದರು. ಒಂದು ಕಡೆ ಚಕ್ಕೆ ಎದ್ದಿತ್ತು. ಅವನು ಆ ಚಕ್ಕೆಯನ್ನು ನೋಡುತ್ತ ನಿಂತ. ಕರೆದರೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನೂ ನಗುತ್ತಿದ್ದಾರೋ ಏನೋ, ಅದೂ ಗೊತ್ತಾಗಲಿಲ್ಲ. ಬಹಳ ಹೊತ್ತಾದ ಮೇಲೆ ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿದ. ಸಾಜೀದ ಊರುಗೋಲು ಊರಿಕೊಂಡು ಅವನ ಬೆನ್ನ ಹಿಂದೆ ಬಂದು ನಿಂತಿದ್ದ. ಮಂಚದಿಂದ ಅಲ್ಲಿಯ ತನಕ ಕಲ್ಲುಹಾಸಿನ ಮೇಲೆ ಆ ಕೋಲು ಊರುತ್ತ ಬಂದದ್ದು ಶಂಭುಲಿಂಗನಿಗೆ ಕೇಳಿಸಿರಲಿಲ್ಲ. ಆ ಕಡೆ ಅಂದಾನಪ್ಪನ ಮುಖ ಇಳಿದುಹೋಗಿತ್ತು. ಯಾರ ಮುಖದಲ್ಲೂ ನಗುವಿರಲಿಲ್ಲ.

“ನಾಕ ಸಲ ಕರದ್ನಿ ಕಾಕಾ” ಎಂದ ಸಾಜೀದ. ಅವನ ಮುಖದ ಮೇಲೆ ಮೊದಲು ಒಂದು ನಿರಾಳ ಬಂತು, ತಿಂಗಳಿಂದ ಹೊತ್ತದ್ದನ್ನು ಇಳಿಸಿದವನ ಹಾಗೆ. ಅದು ಬಹಳ ಹೊತ್ತು ನಿಲ್ಲಲಿಲ್ಲ. ಅವನು ಇನ್ನೊಂದು ಮಾತು ಕೇಳಿದ, ತುಟಿ ಬಿಡಿಸಿ ಬಿಡಿಸಿ, ಕಿವುಡನಿಗೆ ತಿಳಿಯಲೆಂದು. “ಓಟಕ್ಕಿಂತ ಮೊದಲ ಗೊತ್ತಿತ್ತೇನು?”

“ಹಿಂದಿನ ದಿನಾ ಗೊತ್ತಾಗಿತ್ತು” ಎಂದ ಶಂಭುಲಿಂಗ.

ಸಾಜೀದ ಅವನ ಹೆಗಲಿನಿಂದ ಕೈ ತೆಗೆದ. ಆಸರೆ ತಪ್ಪಿ ತೂರಾಡಿದವನನ್ನು ಅಂದಾನಪ್ಪ ಹಿಡಿದುಕೊಂಡ. ಆಗ ಖಾಜಾಬಿ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳ ಕಣ್ಣು ಶಂಭುಲಿಂಗನ ಮೇಲಿತ್ತು, ಸೆರಗಿನ ಹಿಂದೆ ಬಾಯಿ ಆಡುತ್ತಿತ್ತು. ಬಹಳ ಹೊತ್ತು ಆಡಿತು. ಅವನಿಗೆ ಒಂದು ಮಾತೂ ತಿಳಿಯಲಿಲ್ಲ. ಕೇಳುತ್ತಿದ್ದ ಶಂಕ್ರವ್ವ ಗೋಡೆ ಹಿಡಿದು ಕೂತಳು.

ಮನೆಗೆ ಬರುವ ಹಾದಿಯಲ್ಲಿ ಅವನು ಕೇಳಿದ, “ಖಾಜಾಬಿ ಏನಂದ್ಲು?” ಶಂಕ್ರವ್ವ ಮುಂದೆ ಮುಂದೆ ನಡೆದಳು. ಬಾಗಿಲಲ್ಲಿ ಕೈ ಹಿಡಿದು ನಿಲ್ಲಿಸಿ ಮತ್ತೆ ಕೇಳಿದ. ಮೂರು ವರ್ಷದಿಂದ ಊರಿನ ಪ್ರತಿ ಮಾತನ್ನೂ ಅವನಿಗೆ ತುಟಿ ಬಿಡಿಸಿ ಹೇಳುತ್ತ ಬಂದವಳು ಆ ಮಾತನ್ನು ಹೇಳಲಿಲ್ಲ.

ಈಗ ಪಡಸಾಲೆಯಲ್ಲಿ ಗ್ರೈಂಡರಿಲ್ಲ, ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿದ್ದಾರೆ. ಹೆಡ್ಡು ಹಿಡಿದು ಯಾರೂ ಆ ಗಲ್ಲಿಗೆ ಬರುವುದಿಲ್ಲ. ಗೊಂಡೆ ಕಟ್ಟಿಸಲು ಸೀರೆಗಳು ಬೇರೆ ಓಣಿಗೆ ಹೋಗುತ್ತವೆ. ಶಂಭುಲಿಂಗ ಹೆಂಡತಿಯ ಮಗ್ಗದ ಪಕ್ಕಕ್ಕೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಾನೆ. ಹದಿನೈದನೇ ವಯಸ್ಸಿಗೆ ಬಿಟ್ಟುಹೋದ ಕೆಲಸವಿದು. ಕೈ ಇನ್ನೂ ಮರೆತಿಲ್ಲ. ಒಮ್ಮೊಮ್ಮೆ ಸುತ್ತುವುದನ್ನು ಬಿಟ್ಟು, ತಲೆ ಎತ್ತಿ, “ಅವತ್ತ ಆಕಿ ಏನಂದ್ಲ ಹೇಳ ಶಂಕ್ರವ್ವಾ” ಎನ್ನುತ್ತಾನೆ. ಶಂಕ್ರವ್ವ ಮಗ್ಗ ನಿಲ್ಲಿಸಿ ಕೂರುತ್ತಾಳೆ. ಹಲಗೆ ನಿಂತದ್ದನ್ನು ನೋಡಿ ಅವನು ಮತ್ತೆ ಕೇಳುವುದಿಲ್ಲ.